ಶೋಕಕಾವ್ಯದಲ್ಲಿ ಪುನರುಕ್ತಿ

ಹೇಳಿದ್ದನ್ನೇ ಮತ್ತೆ ಹೇಳುವುದು ಕಾವ್ಯದೋಷವೆಂಬುದು ನಮ್ಮ ಲಾಕ್ಷಣಿಕರ ಸಾಮಾನ್ಯ ಮತ. ಆದರೆ ಅನುಕಂಪೆಯೇ ಮೊದಲಾದ ಭಾವಗಳ ಅತಿಶಯವನ್ನು ಸೂಚಿಸುವಲ್ಲಿ ಪುನರುಕ್ತಿಯು ದೋಷವಲ್ಲ, ಅಲಂಕಾರವೇ ಆಗುತ್ತದೆಂದು ದಂಡಿಯು 'ಕಾವ್ಯಾದರ್ಶ'ದಲ್ಲಿ ವಿನಾಯಿತಿ ನೀಡಿದ್ದಾನೆ. 11ನೆಯ ಶತಮಾನದ ಅರಬ್ಬೀ ಮೀಮಾಂಸಕ ಇಬ್ನ್ ರಶೀಕನೂ ತನ್ನ 'ಅಲ್-ಉಮ್ದಾ' ಗ್ರಂಥದಲ್ಲಿ, ಮಾತಿನ ಆವರ್ತನೆಗೆ ಅತ್ಯಂತ ಯೋಗ್ಯವಾದುದು 'ರಿಸಾ' ಎಂಬ ಶೋಕಕಾವ್ಯವೇ ಎನ್ನುತ್ತಾನೆ. ಅವನು ಕೊಡುವ ಕಾರಣ ವೇದನೆಯ ತೀವ್ರತೆ. ಈ ಕಾರಣ ಸರಿಯಾದುದೇ, ಆದರೆ ಅಪೂರ್ಣವಾದುದು.

ಇಸ್ಲಾಂಪೂರ್ವ ಅರೇಬಿಯದ ಮುಹಲ್ಹಿಲನ ಕವಿತೆಯನ್ನು ನೋಡಬೇಕು. ತಗ್ಲಿಬ್ ಕುಲದ ನಾಯಕನಾದ ಇವನ ಅಣ್ಣ ಕುಲೈಬನು ಒಂದು ಒಂಟೆಯ ಜಗಳದಲ್ಲಿ ಬಕ್ರ್ ಕುಲದವನಿಂದ ಹತನಾದನು. ಅದರಿಂದ ಹುಟ್ಟಿದ ಬಸೂಸ್ ಯುದ್ಧವು ನಲವತ್ತು ವರ್ಷ ನಡೆಯಿತೆಂದು ಐತಿಹ್ಯ. ಕುಲೈಬನಿಗೆ ಸಮಾನನಿಲ್ಲವೆಂಬ ಅರ್ಧಪಾದವು ಆ ಕವಿತೆಯಲ್ಲಿ ಸಾಲುಸಾಲಿಗೂ ಮರಳುತ್ತದೆ. ಉತ್ತರಾರ್ಧವು ಮಾತ್ರ ಬದಲಾಗುತ್ತ, ಸತ್ತವನ ಕೊರತೆ ಕಾಡುವ ಹೊಸಹೊಸ ಸಂದರ್ಭವನ್ನು ಹೇಳುತ್ತದೆ. ಇಲ್ಲಿ ಬಳಕೆಯಾದ 'ಅದ್ಲ್' ಎಂಬ ಪದಕ್ಕೆ ಸರಿತೂಕ ಎಂಬರ್ಥವಿದೆ. ಕೊಲೆಗೆ ಕೊಲೆಯನ್ನು ತೂಗಿ ಲೆಕ್ಕ ತೀರಿಸುವ ಸಮಾಜದಲ್ಲಿ ಇದು ಬರಿಯ ಪ್ರಶಂಸೆಯಲ್ಲ, ತೀರುವಳಿಯ ನಿರಾಕರಣೆ. ಎಷ್ಟು ಶತ್ರುಗಳು ಸತ್ತರೂ ತಕ್ಕಡಿ ಏಳದು.

ಇದು ಕೇವಲ ಊಹೆಯಲ್ಲ. ಯುದ್ಧದಿಂದ ದೂರವಿದ್ದ ಹಾರಿಸ್ ಇಬ್ನ್ ಉಬಾದನ ಮಗ ಬುಜೈರನನ್ನು ಮುಹಲ್ಹಿಲನು ಕೊಂದನೆಂದೂ, ಈ ಸಾವಿನಿಂದಲಾದರೂ ಶಾಂತಿ ಬರುವುದಾದರೆ ಒಳಿತೇ ಎಂದು ತಂದೆ ಸೈರಿಸಿಕೊಂಡನೆಂದೂ ಕಥೆ ಹೇಳುತ್ತದೆ. ಬುಜೈರನು ಕುಲೈಬನ ಪಾದರಕ್ಷೆಯ ಪಟ್ಟಿಗೆ ಮಾತ್ರ ಈಡೆಂದು ಮುಹಲ್ಹಿಲನು ನುಡಿದನೆಂಬ ಸುದ್ದಿ ಬಂದಾಗ ಹಾರಿಸನ ಸೈರಣೆ ಮುರಿಯಿತು. ತನ್ನ ಕುದುರೆ ನಆಮಾಳನ್ನು ಹತ್ತಿರ ತರಿಸುವ ಮಾತನ್ನೇ ಅವನ ಕವಿತೆಯೂ ಸಾಲುಸಾಲಿಗೆ ಆವರ್ತಿಸುತ್ತದೆ. ಒಂದು ಪುನರುಕ್ತಿಗೆ ಇನ್ನೊಂದು ಪುನರುಕ್ತಿಯೇ ಉತ್ತರವಾಯಿತು!

7ನೆಯ ಶತಮಾನದ ಕವಯಿತ್ರಿ ಅಲ್-ಖನ್ಸಾಳ ರೀತಿ ಬೇರೆ. ಅವಳ ಪ್ರಸಿದ್ಧ ಕವಿತೆಯಲ್ಲಿ ಕೆಲವು ಸಾಲುಗಳು ಒಂದರ ಹಿಂದೊಂದರಂತೆ ಸಹೋದರ ಸಖ್ರನ ಹೆಸರಿನಿಂದಲೇ ಮೊದಲಾಗುತ್ತವೆ. ಆ ಸಾಲುಗಳಲ್ಲಿ ಸೇಡಿನ ಲೆಕ್ಕವಿಲ್ಲ. ಹೆಸರನ್ನು ಹೇಳಿದೊಡನೆ ಅವನು ಕುಲಕ್ಕೆ ಏನಾಗಿದ್ದನೆಂಬುದು ಬರುತ್ತದೆ; ಅದನ್ನು ಹೇಳಿ ಮುಗಿಸಿದೊಡನೆ ಅವನಿಲ್ಲ; ಆದುದರಿಂದ ಮತ್ತೆ ಹೆಸರು. ಭಾಷಾಂತರಕಾರನು ಅನಗತ್ಯವೆಂದು ಬಗೆದು ಈ ಹೆಸರನ್ನು ಒಂದೇ ಸಲಕ್ಕೆ ಇಳಿಸಿದರೆ ಓದುಗನ ಕೈಗೆ ಸಿಗುವುದು ಒಬ್ಬ ನಾಯಕನ ಗುಣಗಳ ಪಟ್ಟಿ ಮಾತ್ರ.