ಆಕಾಶದ ಟೆಂಡರ್ ಯಾರಿಗಾಯಿತು?

ಹೈಮಾಸ್ಟ್ ದೀಪದ ಉದ್ಘಾಟನೆ ನೋಡಿದ್ದೀರಲ್ಲ? ಊರಿನ ಸರ್ಕಲ್ಲು. ಶಾಮಿಯಾನ. ಶಾಸಕರ ತಲೆಗೆ ಮೈಸೂರು ಪೇಟ, ಕೊರಳಿಗೆ ಏಲಕ್ಕಿ ಹಾರ. ಗುಂಡಿ ಒತ್ತುತ್ತಾರೆ. ಭಗ್ಗನೆ ಬೆಳಕು. ಚಪ್ಪಾಳೆ. ಕಂಬದ ಬುಡದಲ್ಲಿ ಹಲಗೆ: ಇಂಥವರ ಅನುದಾನ, ಇಷ್ಟು ಲಕ್ಷ. ಹೆಸರು ರಾತ್ರಿಯೂ ಕಾಣಲಿ ಎಂದು ಹಲಗೆಗೇ ಬೇರೆ ಒಂದು ದೀಪ.

ಆ ಚಪ್ಪಾಳೆಯ ಹೊತ್ತಿಗೆ ಯಾರಾದರೂ ತಲೆ ಎತ್ತಿದರಾ? ಗುಂಡಿ ಒತ್ತುವ ಮುಂಚೆ ಮೇಲೆ ಏನಿತ್ತು, ಒತ್ತಿದ ಮೇಲೆ ಏನುಳಿಯಿತು, ಯಾರಾದರೂ ನೋಡಿದರಾ?

ಒಳ್ಳೆಯ ಕತ್ತಲಿದ್ದರೆ ಬರಿಗಣ್ಣಿಗೆ ಒಮ್ಮೆಗೇ ಎರಡು ಸಾವಿರಕ್ಕೂ ಮೇಲೆ ನಕ್ಷತ್ರ ಕಾಣುತ್ತವೆ. ಆಕಾಶಗಂಗೆ ಈ ದಿಗಂತದಿಂದ ಆ ದಿಗಂತಕ್ಕೆ ಹಾಸಿರುತ್ತದೆ. ಆಂಡ್ರೊಮಿಡಾ ಗೆಲಾಕ್ಸಿ ಕೂಡ ಮಸುಕಾಗಿ ಕಾಣುತ್ತದೆ. ಆ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷವಾಯಿತು. ಅಷ್ಟು ದೂರ ಬದುಕಿ ಬಂದ ಬೆಳಕನ್ನು ನಮ್ಮ ತಲೆಯ ಮೇಲೇ ಕೊಂದವರು ಯಾರು? ನಮ್ಮೂರ ಸರ್ಕಲ್ಲಿನ ಕಂಬ. ಅದಕ್ಕೆ ಹಾರ ಬೇರೆ!

ನಿಲ್ಲಿ. ಬೆಳಕೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಗೆ ತಿರುಚುವವರು ಇದ್ದಾರೆ, ಅವರಿಗೆ ಮೊದಲೇ ಹೇಳಿಬಿಡುತ್ತೇನೆ. ದಸರೆಗೆ ಮೈಸೂರು ಹತ್ತು ದಿನ ಬೆಳಗಲಿ, ಯಾರು ಬೇಡವೆಂದರು? ರಸ್ತೆಗೆ ದೀಪ ಬೇಕು. ಬಸ್ ಸ್ಟಾಪಿಗೆ ಬೇಕು. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ ಬೇಕೇ ಬೇಕು. ಬೇಕಾದದ್ದು ನೆಲದ ಮೇಲೆ. ನೀವು ಹಾಕಿದ್ದು ಎಲ್ಲಿಗೆ? ಪಕ್ಕಕ್ಕೆ, ಎದುರು ಬರುವವನ ಕಣ್ಣಿಗೆ, ಮೂರನೇ ಮಹಡಿಯ ಕಿಟಕಿಗೆ, ನೆಟ್ಟಗೆ ಮೇಲಕ್ಕೆ. ಗದ್ದೆಗೆ ನೀರು ಬಿಡಯ್ಯಾ ಅಂದರೆ ಕಾಲುವೆ ಒಡೆದು ಊರ ಮೇಲೆ ಹರಿಸಿದ ಹಾಗಾಯಿತು. ದೀಪದ ಮೇಲೊಂದು ಮುಚ್ಚಳ. ಕೆಳಮುಖವಾದ ಕೋನ. ನಡುರಾತ್ರಿಯ ಮೇಲೆ ಅರ್ಧಕ್ಕಿಳಿಸುವ ಟೈಮರ್. ಇಷ್ಟೇ ಬೇಕಿದ್ದದ್ದು. ಇದಕ್ಕೆ ರಾಕೆಟ್ ವಿಜ್ಞಾನ ಬೇಕಾ?

2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ದೇಶದ ಬೀದಿದೀಪಗಳನ್ನೆಲ್ಲ ಎಲ್‌ಇಡಿಗೆ ಬದಲಿಸುವ ಯೋಜನೆ ಶುರು ಮಾಡಿತು. ಕೋಟಿಗೂ ಮೇಲೆ ದೀಪಗಳು ಬದಲಾದವು. ಕರೆಂಟು ಉಳಿಯಿತು, ನಿಜ. ಆದರೆ ಹಳೆಯ ಸೋಡಿಯಂ ದೀಪದ ಹಳದಿ ಹೋಗಿ ನೀಲಿ ಬೆರೆತ ಬಿಳುಪು ಬಂತು. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವುದೂ ಅದಕ್ಕೇ. ಶಾಲೆಯಲ್ಲಿ ಕಲಿತ ಪಾಠ ಇದು. ಟೆಂಡರ್ ಬರೆದವರು ಆ ಶಾಲೆಗೆ ಹೋಗಿರಲಿಲ್ಲವಾ? 3000 ಕೆಲ್ವಿನ್‌ಗಿಂತ ಕೆಳಗಿನ ಬೆಚ್ಚನೆ ಬಣ್ಣದ ದೀಪ ಅದೇ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೇಳಲಿಲ್ಲ, ಅಷ್ಟೇ. ಉಳಿದ ಕರೆಂಟಿನಲ್ಲಿ ಏನು ಮಾಡಿದಿರಿ? ಇನ್ನಷ್ಟು ದೀಪ ಹಾಕಿದಿರಿ. ಫ್ಲೈಓವರಿನ ಹೊಟ್ಟೆಗೆ ನೇರಳೆ, ಕೆರೆಯ ಏರಿಗೆ ಹಸಿರು, ಮರದ ಮೈಗೆ ಸೀರಿಯಲ್ ಸೆಟ್. ಮರಕ್ಕೇನು ಮದುವೆಯಾ?

ಇನ್ನೊಂದು ಮೋಸ ಕೇಳಿ. ಭೂಮಿಯ ರಾತ್ರಿ ಬೆಳಕನ್ನು ಅಳೆಯುವ ಮುಖ್ಯ ಉಪಗ್ರಹದ ಉಪಕರಣಕ್ಕೆ ನೀಲಿ ಬೆಳಕು ಕಾಣುವುದೇ ಇಲ್ಲ. ಸೋಡಿಯಂ ತೆಗೆದು ಎಲ್‌ಇಡಿ ಹಾಕಿದರೆ ಊರು ಕತ್ತಲಾಯಿತು ಅಂತ ಅದು ವರದಿ ಕೊಡುತ್ತದೆ. ಕಣ್ಣಿದ್ದವರಿಗೆ ಗೊತ್ತು, ಆದದ್ದು ಉಲ್ಟಾ. ಆ ಸುಳ್ಳನ್ನು ಹಿಡಿದವರು ಯಾರು? ಹವ್ಯಾಸಿಗಳು. ಜಗತ್ತಿನ ನಾನಾ ಕಡೆ ಸಾಮಾನ್ಯ ಜನ ಅಂಗಳದಲ್ಲಿ ನಿಂತು, ನಮಗೆ ಇಷ್ಟು ನಕ್ಷತ್ರ ಕಾಣುತ್ತವೆ ಅಂತ ಗುರುತು ಹಾಕಿ ಕಳಿಸಿದರು. 2011ರಿಂದ 2022ರವರೆಗೆ ಹೀಗೆ ಬಂದ 50 ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ಕೂಡಿಸಿದ ಅಧ್ಯಯನ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆಕಾಶ ವರ್ಷಕ್ಕೆ ಸರಾಸರಿ ನೂರಕ್ಕೆ 9.6ರಷ್ಟು ಬೆಳ್ಳಗಾಗುತ್ತಿದೆಯಂತೆ. 250 ನಕ್ಷತ್ರ ಕಾಣುವ ಊರಲ್ಲಿ ಹುಟ್ಟಿದ ಮಗು ಹದಿನೆಂಟಾಗಿ ಓಟು ಹಾಕುವ ಹೊತ್ತಿಗೆ ನೂರು ಉಳಿದಿರುತ್ತವೆ. ಉಳಿದ ನೂರೈವತ್ತು ಎಲ್ಲಿ ಹೋದವು ಅಂತ ಅದು ಕೇಳಿದರೆ ಏನು ಹೇಳುತ್ತೀರಿ? ಅಭಿವೃದ್ಧಿಗೆ ಹೋದವು ಅಂತಲಾ? ಆ ವೀಕ್ಷಣೆಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದವು. ನಮ್ಮ ಕಡೆಯಿಂದ ಲೆಕ್ಕ ಕೊಟ್ಟವರೇ ಕಡಿಮೆ.

ಸುರಕ್ಷತೆ ಅನ್ನುತ್ತೀರಾ? ಬನ್ನಿ, ಅದನ್ನೂ ಮಾತಾಡೋಣ. ಸರ್ಕಲ್ಲಿನಲ್ಲಿ ಹಗಲು ಮಾಡಿದ್ದೀರಿ. ಅಲ್ಲಿಂದ ಇನ್ನೂರು ಹೆಜ್ಜೆ ಆಚೆ, ಕೇರಿಯ ಓಣಿಯಲ್ಲಿ ಬಲ್ಬು ಹೋಗಿ ಎಷ್ಟು ದಿನವಾಯಿತು? ಅಲ್ಲಿಗೆ ಪೇಟ ಸುತ್ತಿಕೊಂಡು ಯಾರು ಹೋದರು? ಹೆಣ್ಣುಮಕ್ಕಳು ನಡೆಯುವುದು ಆ ಓಣಿಯಲ್ಲಿ. ಹೈಮಾಸ್ಟಿನ ಝಳಪಿನಿಂದ ಒಮ್ಮೆಲೇ ಓಣಿಗೆ ಕಾಲಿಟ್ಟರೆ ಕಣ್ಣು ಕತ್ತಲೆಗೆ ಒಗ್ಗಲು ಹೊತ್ತು ಬೇಕು. ಅಷ್ಟು ಹೊತ್ತು ಎದುರಿಗೆ ಯಾರು ನಿಂತಿದ್ದಾರೆ ಅಂತಲೂ ತಿಳಿಯದು. ಇದಾ ಸುರಕ್ಷತೆ?

ಮತ್ತೆ ರೈತ. ಎಷ್ಟೋ ಕಡೆ ಅವನಿಗೆ ತ್ರೀಫೇಸ್ ಕೊಡುವುದು ಯಾವ ಹೊತ್ತಿನಲ್ಲಿ? ನಡುರಾತ್ರಿ. ಟಾರ್ಚು ಹಿಡಿದು, ಹಾವು ಹಪ್ಪಟೆ ತುಳಿಯುತ್ತಾ ಪಂಪ್‌ಸೆಟ್ಟಿಗೆ ಓಡಬೇಕು. 2023ರ ಅಕ್ಟೋಬರಿನಲ್ಲಿ, ಬರಗಾಲದ ಮಧ್ಯೆ, ವಿಜಯಪುರ ಜಿಲ್ಲೆಯ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನೇ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೆಸ್ಕಾಂ ಕಚೇರಿಗೆ ಬಂದರು. ರಾತ್ರಿ ಕರೆಂಟು ಕೊಟ್ಟರೆ ನಾವು ಎದುರಿಸಬೇಕಾದದ್ದು ಇದು, ನೋಡಿ ಅಂತ. ಹೊಲಕ್ಕೆ ಹಗಲಲ್ಲಿ ಸಾಲುವಷ್ಟು ಕರೆಂಟಿಲ್ಲ, ಜಾಹೀರಾತು ಫಲಕಕ್ಕೆ ರಾತ್ರಿಯಿಡೀ ಇದೆ. ಹಗಲು ಹನ್ನೆರಡಕ್ಕೂ ಉರಿಯುವ ಬೀದಿದೀಪ ಯಾವ ಊರಲ್ಲಿಲ್ಲ ಹೇಳಿ. ಬೀದಿದೀಪದ ಬಿಲ್ಲು ಕಟ್ಟಲಾಗದೆ ಪಂಚಾಯತಿಗಳು ಎಸ್ಕಾಂಗಳಿಗೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿವೆ. ಆ ಬಾಕಿಯಲ್ಲಿ ಒಂದು ಪಾಲು ಆಕಾಶಕ್ಕೆ ಎರಚಿದ ಬೆಳಕಿನದು. ಯಾರಪ್ಪನ ಮನೆ ದುಡ್ಡು?

ನಮ್ಮದು ನಕ್ಷತ್ರದ ಹೆಸರಲ್ಲಿ ಮಳೆ ಕರೆದ ನಾಡು. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರ ರಾತ್ರಿ ಕಾಣುವುದಿಲ್ಲ, ಗೊತ್ತಾ? ಸೂರ್ಯ ಆಗ ಅದರ ಹತ್ತಿರ ಬಂದಿರುತ್ತಾನೆ. ಕಾಣದೆ ಹೋದ ಚುಕ್ಕೆಯನ್ನು ಲೆಕ್ಕವಿಟ್ಟು ಬಿತ್ತನೆಗೆ ಸಜ್ಜಾಗುತ್ತಿದ್ದ ಜನ ಅವರು. ಈಗ? ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತು, ಹಾಡಹಗಲು, ಫೋಟೋಗ್ರಾಫರ್ ಹೇಳಿದ ಕಡೆ ಬೆರಳು ತೋರಿಸಿ ಅರುಂಧತಿ ಕಂಡಳಾ ಅಂತ ಕೇಳುತ್ತೇವೆ. ಕಂಡಳು ಅಂತ ವಧೂವರರೂ ತಲೆಯಾಡಿಸುತ್ತಾರೆ. ಸಂಸಾರ ಶುರುವಾಗುವುದೇ ಸುಳ್ಳಿನಿಂದ. ರಾತ್ರಿ ತೋರಿಸೋಣ ಅಂದರೂ ಬೆಂಗಳೂರಿನ ಮಬ್ಬಿನಲ್ಲಿ ವಸಿಷ್ಠ ಹೇಗೋ ಕಣ್ಣಿಗೆ ಬೀಳುತ್ತಾನೆ, ಪಕ್ಕದ ಅರುಂಧತಿಯನ್ನು ಹುಡುಕಿ ಸೋಲಬೇಕು.

ಬೆಳಗಾದರೆ ಟಿವಿಯಲ್ಲಿ ರಾಶಿ ಭವಿಷ್ಯ. ವೃಶ್ಚಿಕ ರಾಶಿಯವರಿಗೆ ಇವತ್ತು ಧನಲಾಭ. ಆ ವೃಶ್ಚಿಕವನ್ನು, ಬಾಲ ಮಡಚಿ ಆಕಾಶದಲ್ಲಿ ಮಲಗಿದ ಆ ಚೇಳನ್ನು, ಹೇಳುವವನು ಕಂಡಿದ್ದಾನಾ? ಕೇಳುವವನು ಕಂಡಿದ್ದಾನಾ? ಆಕಾಶ ಕಾಣದ ಜನಕ್ಕೆ ಆಕಾಶದ ಭಯ ಮಾರುವುದು ಸುಲಭ. ಹವ್ಯಾಸಿ ಸಂಘದವರು ಶಾಲೆಯ ಮೈದಾನದಲ್ಲಿ ದೂರದರ್ಶಕ ನಿಲ್ಲಿಸಿ ಶನಿಯ ಬಳೆ ತೋರಿಸುತ್ತಾರಲ್ಲ, ಆ ಸಾಲಿನಲ್ಲಿ ನಿಂತು ಒಂದು ಸಲ ಕಣ್ಣಿಟ್ಟ ಹುಡುಗಿಗೆ ಶನಿಕಾಟದ ಹೋಮ ಮಾರಿ ನೋಡಿ. ನಡೆಯುವುದಿಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದಂಥವು, ಡಾ. ಎ.ಪಿ. ಭಟ್ಟರಂಥವರು ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದಾರೆ.

ಹವ್ಯಾಸಿ ಅಂದರೆ ಹೊತ್ತು ಕಳೆಯುವವನು ಅಂತ ಮೂಗು ಮುರಿಯುವವರಿಗೆ ರಾಧಾಗೋಬಿಂದ ಚಂದ್ರ ಯಾರೆಂದು ಗೊತ್ತಿಲ್ಲ. ಬಂಗಾಳದ ಜೆಸ್ಸೋರಿನ ಖಜಾನೆಯ ಸಣ್ಣ ನೌಕರ. ಪ್ರವೇಶ ಪರೀಕ್ಷೆಯಲ್ಲಿ ಫೇಲಾದವರು. ಹಗಲು ಸರ್ಕಾರದ ನಾಣ್ಯ ಎಣಿಸಿದರು, ರಾತ್ರಿ ಬೆಳಕು ಏರಿಳಿಯುವ ನಕ್ಷತ್ರಗಳನ್ನು ನೋಡಿದರು. 37 ಸಾವಿರಕ್ಕೂ ಹೆಚ್ಚು ವೀಕ್ಷಣೆ ಬರೆದು ಅಮೆರಿಕದ ವೀಕ್ಷಕರ ಸಂಘಕ್ಕೆ ಕಳಿಸಿದರು. ಆ ಸಂಘ ಮೆಚ್ಚಿ 1926ರಲ್ಲಿ ಇವರಿಗೆ ಆರಿಂಚಿನ ದೂರದರ್ಶಕ ಕಳಿಸಿತು. ಆ ದೂರದರ್ಶಕವೇ ಮುಂದೆ ಖಗೋಳ ವಿಜ್ಞಾನಿ ವೈನು ಬಾಪು ಅವರ ಕೈ ಸೇರಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯಕ್ಕೆ ಬಂತು. ಒಬ್ಬ ಬಡ ನೌಕರನಿಗೆ ಆ ದಿನ ಬೇಕಾಗಿದ್ದದ್ದು ಏನು? ಮನೆಯ ಮೇಲೊಂದು ಕತ್ತಲ ಆಕಾಶ. ಅದಕ್ಕೆ ಪಹಣಿ ಬೇಕಿರಲಿಲ್ಲ. ಇವತ್ತು ಬೆಂಗಳೂರಿನ ಪೀಣ್ಯದ ಬಾಡಿಗೆ ಕೋಣೆಯಲ್ಲಿರುವ ಯಾವ ಹುಡುಗ ರಾಧಾಗೋಬಿಂದ ಚಂದ್ರ ಆದಾನು? ಅವನ ತಲೆಯ ಮೇಲೆ ಏನಿದೆ? ಕಿತ್ತಳೆ ಮಿಶ್ರಿತ ಬೂದಿ.

ವಿಜ್ಞಾನಿಗಳೂ ಓಡಿದರು. ಹೈದರಾಬಾದಿನ ಬೇಗಂಪೇಟೆಯಲ್ಲಿದ್ದ ನಿಜಾಮಿಯಾ ವೀಕ್ಷಣಾಲಯವನ್ನು ಊರು ನುಂಗಿತು, ಹೊಸ ದೂರದರ್ಶಕಕ್ಕೆ ಜಪಾಲ್-ರಂಗಾಪುರ ಹುಡುಕಬೇಕಾಯಿತು. ಜವಾದಿ ಬೆಟ್ಟದ ಕಾವಲೂರಿನ ಸುತ್ತಲೂ ಪಟ್ಟಣಗಳ ಬೆಳಕು ಬೆಳೆದಿದೆ. ಈಗ ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಸಂಪರ್ಕದಲ್ಲಿ, ಲಡಾಖಿನ ಹಾನ್ಲೆಯ ದೂರದರ್ಶಕ ತಿರುಗಿಸುತ್ತಾರೆ. 4500 ಮೀಟರ್ ಎತ್ತರ, ಹಿಮ, ಉಸಿರು ಸಿಗದ ಗಾಳಿ. ಅಷ್ಟು ದೂರ ಓಡಿಸಿದ್ದೇವೆ ನಕ್ಷತ್ರಗಳನ್ನು. ಅದರಾಚೆ ಓಡಲು ಜಾಗ ಎಲ್ಲಿದೆ?

ಹವ್ಯಾಸಿ ಸಂಘದ ಗೆಳೆಯರೇ, ನಿಮ್ಮನ್ನೂ ಬಿಡುವುದಿಲ್ಲ. ಅಮಾವಾಸ್ಯೆ ಹತ್ತಿರದ ಶನಿವಾರ ಕಾರಿನಲ್ಲಿ ಸಾಮಾನು ತುಂಬಿ ಊರಾಚೆ ಹೊರಡುತ್ತೀರಿ. ಟಾರ್ಚಿಗೆ ಕೆಂಪು ಕಾಗದ ಸುತ್ತುವ ಶಿಸ್ತು ನಿಮ್ಮದು. ಯಾರಾದರೂ ಮೊಬೈಲು ಬೆಳಗಿಸಿದರೆ ಗದರುತ್ತೀರಿ. ಸರಿಯೇ, ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು. ಆದರೆ ಹೋದ ಸಲದ ಜಾಗಕ್ಕೆ ಲೇಔಟು ಬಂದು ದೀಪ ಹತ್ತಿದಾಗ ಏನು ಮಾಡಿದಿರಿ? ಇನ್ನಷ್ಟು ದೂರದ ಜಾಗ ಹುಡುಕಿದಿರಿ. ಮೊಬೈಲಿಗೆ ಗದರುವ ಬಾಯಿ ಹೈಮಾಸ್ಟಿನ ಮುಂದೆ ಯಾಕೆ ಕಟ್ಟಿತು? ಪೆಟ್ರೋಲ್ ಹಾಕಿಸಲು ಆಗುವವರಿಗೆ ಆಕಾಶ, ಆಗದವರಿಗೆ ಟ್ಯೂಬ್‌ಲೈಟು. ಇದೇನಾ ನೀವು ಒಪ್ಪಿದ ನ್ಯಾಯ? ನಿಮ್ಮ ಹಿಂದೆಯೇ ರೆಸಾರ್ಟಿನವನು ಬಂದ. ನಕ್ಷತ್ರ ನೋಡುವ ಪ್ಯಾಕೇಜು, ತಲೆಗೆ ಇಷ್ಟು ಸಾವಿರ, ಬಾರ್ಬೆಕ್ಯೂ ಸಹಿತ. ಪಕ್ಕದ ಹಳ್ಳಿಯ ಕೂಲಿಯವನು ಹುಟ್ಟಿನಿಂದ ಪುಕ್ಕಟೆ ನೋಡಿದ್ದನ್ನು, ಸರ್ಕಾರದ ದುಡ್ಡಲ್ಲಿ ಅವನ ಊರಿಂದ ಕಿತ್ತು, ಬೇಲಿಯೊಳಗೆ ಇಟ್ಟು ಟಿಕೆಟ್ಟಿಗೆ ಮಾರುತ್ತಿದ್ದಾರೆ.

ನೀವು ಕಾರಿಗೇರಿಸುವ ಡಾಬ್ಸೋನಿಯನ್ ದೂರದರ್ಶಕಕ್ಕೆ ಹೆಸರು ಕೊಟ್ಟ ಜಾನ್ ಡಾಬ್ಸನ್ ಯಾರು? ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದು ಹೊರಬಿದ್ದವರು. ಪ್ಲೈವುಡ್, ರಟ್ಟಿನ ಕೊಳವೆ, ಹಡಗಿನ ಕಿಟಕಿಯ ಹಳೆಯ ಗಾಜು ಕೂಡಿಸಿ ದೂರದರ್ಶಕ ಮಾಡಿ, ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ಇಟ್ಟು, ಹೋಗುವ ಬರುವವರನ್ನು ಕರೆದು ತೋರಿಸಿದರು. ಅವರು ಜನ ಇದ್ದಲ್ಲಿಗೆ ಹೋದರು. ನೀವು?

ಕತ್ತಲು ಬೇಕಾದದ್ದು ಮನುಷ್ಯರಿಗಷ್ಟೇ ಅಲ್ಲ. ಸಗಣಿ ಉಂಡೆ ಉರುಳಿಸುವ ಹುಳ ಕೂಡ ಆಕಾಶಗಂಗೆ ನೋಡಿ ದಾರಿ ನೇರ ಮಾಡಿಕೊಳ್ಳುತ್ತದೆ ಅಂತ ವಿಜ್ಞಾನಿಗಳು 2013ರಲ್ಲಿ ತೋರಿಸಿದ್ದಾರೆ. ಕಡಲಾಮೆಯ ಮರಿ ಮೊಟ್ಟೆಯಿಂದ ಹೊರಬಂದು ಸಮುದ್ರದ ಮಿನುಗಿನ ಕಡೆ ಹೋಗಬೇಕು, ತೀರದ ದೀಪ ಕಂಡರೆ ಉಲ್ಟಾ ತಿರುಗಿ ಸಾಯುತ್ತದೆ. ಅವಕ್ಕೆ ಓಟಿಲ್ಲ. ಆದ್ದರಿಂದ ಅನುದಾನವೂ ಇಲ್ಲ.

ಕಾನೂನು? ನೀರು ಕೆಡಿಸಿದರೆ 1974ರ ಕಾಯ್ದೆ. ಗಾಳಿ ಕೆಡಿಸಿದರೆ 1981ರದು. ರಾತ್ರಿ ಹತ್ತರ ಮೇಲೆ ಮೈಕು ಕೂಗಿಸಿದರೆ 2000ದ ಶಬ್ದ ನಿಯಮ. ರಾತ್ರಿಯನ್ನೇ ಕೆಡಿಸಿದರೆ? ದೇಶಕ್ಕೆ ಅಂಥದೊಂದು ಕಾನೂನೇ ಇಲ್ಲ. ಆಗದ ಕೆಲಸ ಅನ್ನಬೇಡಿ. ಪ್ಲೂಟೊ ಪತ್ತೆಯಾದ ಊರು ಅಮೆರಿಕದ ಫ್ಲ್ಯಾಗ್‌ಸ್ಟಾಫ್, 1958ರಲ್ಲೇ ದೀಪಗಳಿಗೆ ಲಗಾಮು ಹಾಕಿತು. ಅದು ಕಾಡಲ್ಲ, ನಗರ. ಅಂಗಡಿ ತೆರೆದಿವೆ, ಕಾರು ಓಡುತ್ತವೆ. ಫ್ರಾನ್ಸ್ 2018ರ ಡಿಸೆಂಬರಿನ ಆದೇಶದಲ್ಲಿ ದೀಪದ ಕೋನ, ಬಣ್ಣ, ಆರಿಸುವ ಹೊತ್ತು ಎಲ್ಲಕ್ಕೂ ನಿಯಮ ಬರೆಯಿತು. ನಮ್ಮದೇ ಹಾನ್ಲೆಯಲ್ಲಿ, 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾದಾಗ, ಹಳ್ಳಿಯ ಜನ ಕಿಟಕಿಗೆ ದಪ್ಪ ಪರದೆ ಹಾಕಿದರು, ದೀಪಕ್ಕೆ ಮುಚ್ಚಳ ಹಾಕಿದರು. ಕುರಿ ಕಾಯುವ ಊರಿಗೆ ಅರ್ಥವಾದದ್ದು ವಿಧಾನಸೌಧಕ್ಕೆ ಅರ್ಥವಾಗುವುದಿಲ್ಲವೇ? ಅರ್ಥವಾಗುತ್ತದೆ. ಮುಚ್ಚಳಕ್ಕೆ ಉದ್ಘಾಟನೆ ಇಲ್ಲ, ಅದೇ ತೊಂದರೆ.

ವಿಧಾನಸೌಧದವರು ತಾವಾಗಿ ಕೇಳುವವರಲ್ಲ. ಕುತ್ತಿಗೆಗೆ ಬಂದರೆ ಕೇಳುತ್ತಾರೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮೂರ ಹೈಮಾಸ್ಟಿನ ಎಸ್ಟಿಮೇಟು ಕೇಳಿ. ಬಣ್ಣ ಎಷ್ಟು ಕೆಲ್ವಿನ್, ಮುಚ್ಚಳಕ್ಕೆ ಎಷ್ಟು ಇಟ್ಟಿದ್ದೀರಿ, ಆರಿಸುವ ಹೊತ್ತು ಯಾವುದು, ಕೇರಿಗೆ ಹಾಕಬೇಕಿದ್ದ ದೀಪ ಎಲ್ಲಿ ಹೋಯಿತು ಅಂತ ಬರೆದು ಕೇಳಿ. ಸಂಘದವರು ಮುಂದಿನ ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗಬೇಡಿ. ದೂರದರ್ಶಕ ತಂದು ಅದೇ ಕಂಬದ ಕೆಳಗೆ, ಆ ಹಲಗೆಯ ಪಕ್ಕದಲ್ಲೇ ನಿಲ್ಲಿಸಿ. ಶಾಸಕರನ್ನೂ ಕರೆಯಿರಿ. ಬಂದರೆ ಕಣ್ಣಿಡಲು ಹೇಳಿ, ಏನು ಕಾಣುತ್ತಿದೆ ಸ್ವಾಮಿ ಅಂತ ಎಲ್ಲರೆದುರು ಕೇಳಿ. ಬಾರದಿದ್ದರೆ ಗ್ರಾಮಸಭೆಯ ಪುಸ್ತಕದಲ್ಲಿ ಅದನ್ನೂ ಬರೆಸಿ.