ಅಕ್ಕಿ ಮೂಟೆ ಎಲ್ಲಿ ಇಡ್ತೀಯಾ?

ಕಾಲೇಜ್ ಪಾರ್ಕಿಂಗ್‌ನಲ್ಲಿ ಯಾರಾದ್ರೂ ಯಮಹಾ ಏರಾಕ್ಸ್ 155 ತಂದು ನಿಲ್ಲಿಸಿದ್ರೆ ಸಾಕು, ನಮ್ಮ ಬ್ಯಾಚ್‌ನಲ್ಲಿ ಎರಡು ಪಾರ್ಟಿ ಆಗುತ್ತೆ. 'ಆರ್‌15 ಎಂಜಿನ್ ಗುರು' ಅನ್ನೋರು ಒಂದು ಕಡೆ, 'ಎಷ್ಟಾದ್ರೂ ಸ್ಕೂಟಿನೇ ತಾನೆ' ಅನ್ನೋರು ಇನ್ನೊಂದು ಕಡೆ. ನಾನು ಮೊದಲನೇ ಪಾರ್ಟಿಯಲ್ಲಿದ್ದೆ. ಈಗ ಅನ್ಸುತ್ತೆ, ಇಬ್ರೂ ನೋಡ್ಬೇಕಾದ ಜಾಗ ನೋಡ್ತಿಲ್ಲ.

ಎಂಜಿನ್ ಚೆನ್ನಾಗೇ ಇದೆ. ಲಿಕ್ವಿಡ್ ಕೂಲಿಂಗ್, 8000 ಆರ್‌ಪಿಎಂನಲ್ಲಿ 15 ಪಿಎಸ್. ವಿವಿಎ ಅಂದ್ರೆ ಇನ್‌ಟೇಕ್ ವಾಲ್ವ್‌ಗೆ ಎರಡು ಕ್ಯಾಮ್. ಸುಮಾರು 6000 ಆರ್‌ಪಿಎಂ ದಾಟಿದ ಮೇಲೆ ಒಂದು ಪಿನ್ ಸರಿದು ದೊಡ್ಡ ಕ್ಯಾಮ್ ಕೆಲಸ ಶುರು ಮಾಡುತ್ತೆ. 'ಗೇರ್ ಇಲ್ಲ' ಅಂತ ನಗೋರು ಸಿವಿಟಿಯನ್ನ ಒಮ್ಮೆ ಬಿಚ್ಚಿ ನೋಡ್ಬೇಕು. ಸ್ಪೀಡ್ ಏರಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರ್‌ಗಳು ಹೊರಕ್ಕೆ ಸರಿದು ಪುಲ್ಲಿಯನ್ನ ಒತ್ತುತ್ತವೆ, ಬೆಲ್ಟ್ ಮೇಲೇರುತ್ತೆ, ಹಿಂದಿನ ಪುಲ್ಲಿ ಸ್ಪ್ರಿಂಗ್ ತಳ್ಳಿಕೊಂಡು ಅಗಲ ಆಗುತ್ತೆ. ಕಂಪ್ಯೂಟರ್ ಇಲ್ಲ, ಕ್ಲಚ್ ಲಿವರ್ ಇಲ್ಲ. ಥಿಯರಿ ಆಫ್ ಮಷೀನ್ಸ್ ಕ್ಲಾಸಲ್ಲಿ ನಿದ್ದೆ ಬರ್ಸೋ ಸೆಂಟ್ರಿಫ್ಯೂಗಲ್ ಫೋರ್ಸ್ ಅಷ್ಟೇ.

ಆದ್ರೆ ಸಿವಿಟಿ ಆಕ್ಟಿವಾದಲ್ಲೂ ಇದೆ. ಮ್ಯಾಕ್ಸಿಯನ್ನ ಬೇರೆ ಮಾಡೋದು ಕಾಲುಗಳ ಮಧ್ಯೆ ಉಬ್ಬಿರೋ ಆ ಟನಲ್. ಮಾಮೂಲಿ ಸ್ಕೂಟರ್‌ನಲ್ಲಿ ಫ್ರೇಮ್ ಹ್ಯಾಂಡಲ್‌ನಿಂದ ಕೆಳಗಿಳಿದು, ಕಾಲಿಡೋ ಜಾಗದ ಅಡಿಯಲ್ಲಿ ಹೋಗಿ, ಮತ್ತೆ ಮೇಲೇಳ್ಬೇಕು. ಇಲ್ಲಿ ಮಧ್ಯದಲ್ಲೇ ಹಾದುಹೋಗೋದ್ರಿಂದ ಗಟ್ಟಿಯಾಗಿರುತ್ತೆ, ತಿರುವಲ್ಲಿ ನಡುಗಲ್ಲ. 5.5 ಲೀಟರ್ ಟ್ಯಾಂಕ್ ಕೂಡ ಅಲ್ಲೇ ಕೂರುತ್ತೆ, ಸೀಟಿನಡಿ 24.5 ಲೀಟರ್ ಜಾಗ ಉಳಿಯುತ್ತೆ. 14 ಇಂಚಿನ ಚಕ್ರ ಬೇರೆ. ಒಟ್ಟಲ್ಲಿ ಇದು ಕ್ಲಚ್ ಇಲ್ಲದ ಬೈಕು.

ದೀಪಾವಳಿ ರಜೆಯಲ್ಲಿ ಅಪ್ಪನ್ನ ಶೋರೂಮ್‌ಗೆ ಕರ್ಕೊಂಡು ಹೋಗಿದ್ದೆ. ಹಳೇ ಸ್ಕೂಟರ್ ಕೊಟ್ಟು ಇದನ್ನ ತಗೊಳ್ಳೋದು ನನ್ನ ಪ್ಲಾನು. ನಾನು ವಿವಿಎ ವಿವರಿಸ್ತಾ ಇದ್ರೆ, ಅಪ್ಪ ಸೀಟ್ ಮೇಲೆ ಕೂತು, ಟನಲ್ ಮೇಲೆ ಕೈ ಇಟ್ಟು, "ಅಕ್ಕಿ ಮೂಟೆ ಎಲ್ಲಿ ಇಡ್ತೀಯಾ?" ಅಂದ್ರು. ನಾನು ಸೀಟ್ ಎತ್ತಿ ತೋರಿಸ್ದೆ. ಅವರು ನಕ್ಕುಬಿಟ್ರು. ನಮ್ದು ಚಿಕ್ಕ ದಿನಸಿ ಅಂಗಡಿ. 25 ಕೆಜಿ ಮೂಟೆಗಳು ಹಳೇ ಸ್ಕೂಟರ್‌ನಲ್ಲಿ ಅಪ್ಪನ ಕಾಲ ಹತ್ರ ಕೂತೇ ಅಂಗಡಿಗೆ ಬರೋದು. ನನ್ನ ಸೆಮ್ ಫೀಸೂ ಹಾಗೇ ಬಂದಿದ್ದು.

ಅದಕ್ಕೇ ನನ್ನ ವಾದ ಇಷ್ಟು: ಮ್ಯಾಕ್ಸಿಯನ್ನ ಸ್ಕೂಟರ್‌ನ 'ಅಪ್‌ಗ್ರೇಡ್' ಅಂತ ಮನೆಯವರಿಗೆ ಒಪ್ಪಿಸ್ಬೇಡಿ. ಆ ಟನಲ್ಲೇ ಅದರ ಶಕ್ತಿ, ಸಾಮಾನು ಹೊರೋ ಮನೆಗೆ ಅದೇ ಅಡ್ಡಿ. ಒಬ್ರೇ ಓಡಿಸೋರಿದ್ರೆ ಧಾರಾಳವಾಗಿ ತಗೊಳ್ಳಿ. (ಹಿಂದಿನ ಬ್ರೇಕ್ ಇನ್ನೂ ಡ್ರಮ್ಮು, ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಅನ್ನೋದು ನೆನಪಿರ್ಲಿ. 2023ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಕೊಟ್ಟವರಿಗೆ ಹಿಂದೆ ಒಂದು ಡಿಸ್ಕ್ ಕೊಡೋಕೆ ಏನಾಗಿತ್ತೋ!)

ನಾವು ಹಳೇ ಸ್ಕೂಟರ್‌ಗೇ ಹೊಸ ಬೆಲ್ಟು, ರೋಲರ್ ಹಾಕಿಸ್ಕೊಂಡು ಬಂದ್ವಿ. ತೆಗೆದ ರೋಲರ್‌ಗಳು ಒಂದು ಕಡೆ ಸವೆದು ಚಪ್ಪಟೆ ಆಗಿದ್ವು. ಒಂದನ್ನ ಹಾಸ್ಟೆಲ್ ರೂಮ್‌ಗೆ ತಂದಿಟ್ಟಿದ್ದೀನಿ, ಬೇಕಾದ್ರೆ ಬಂದು ನೋಡಿ.