ಮಳೆ ನಿಂತ ಮರುದಿನದ ಹಾದಿ

ಮತ್ತಿಗಿರಿ, ಹೊಸೂರು, ತಳಿ ಸುತ್ತಿನ ಸೀಮೆ ರಾಗಿಹೊಲಗಳ, ಬಂಡೆಬೆಟ್ಟಗಳ ನಾಡು. ಬೇಸಗೆಯಲ್ಲಿ ಇಲ್ಲಿಯ ಕಾಲುದಾರಿಗಳು ಮರುಭೂಮಿಯ ಹಾದಿಗಳಂತೆ ಒಣಗಿರುತ್ತವೆ. ಹಸ್ತ, ಚಿತ್ತೆಯ ಬಿರುಮಳೆ ನಿಂತ ಮರುದಿನ ಅದೇ ಪರಿಚಿತ ಹಾದಿಯನ್ನು ತುಳಿದರೆ ಅದು ಬೇರೆಯೇ ಆಗಿ ತೋರುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಆ ನಡಿಗೆಯನ್ನು ಕೈಗೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅದು ಪ್ರಕೃತಿಯ ಚೆಲುವಿಗಾಗಿ ಮಾತ್ರವಲ್ಲ, ಭಾಷೆಯ ವ್ಯಾಸಂಗಕ್ಕಾಗಿಯೂ ಹೌದು.

ಒಣದಿನಗಳಲ್ಲಿ ಆ ಹಾದಿಯನ್ನು ಬಣ್ಣಿಸಲು ಕಲ್ಲು, ಮಣ್ಣು, ಮುಳ್ಳು ಎಂಬ ಮೂರು ಪದಗಳು ಸಾಕು. ಮಳೆ ಬಿದ್ದೊಡನೆ ಅವು ಸಾಲದಾಗುತ್ತವೆ. ನೀರು ಹರಿದು ನೆಲವನ್ನು ಕೊರೆದರೆ ಕೊರಕಲು. ಬಂಡೆಯ ಕುಳಿಯಲ್ಲಿ ನಿಂತರೆ ದೊಣೆ. ನೆಲದೊಳಗಿಂದ ಜಿನುಗಿದರೆ ಒರತೆ. ಹಳ್ಳದ ಆಳದಲ್ಲಿ ತಂಗಿದರೆ ಮಡು. ಇವೆಲ್ಲಕ್ಕೂ ‘ನೀರು’ ಎಂಬ ಒಂದೇ ಹೆಸರಿಟ್ಟು ನಡೆಯುವವನಿಗೆ ಕಾಣುವುದೂ ಒಂದೇ.

ಗಡಿನಾಡಿನವರಿಗೆ ಇಲ್ಲಿ ಇನ್ನೊಂದು ಲಾಭವಿದೆ. ಒರತೆಗೆ ಕನ್ನಡದಲ್ಲಿ ‘ಊಟೆ’ ಎಂಬ ಹೆಸರೂ ಉಂಟು. ತೆಲುಗರು ಅದನ್ನು ‘ಊಟ’ ಎನ್ನುತ್ತಾರೆ, ತಮಿಳರು ‘ಊಟ್ರು’ ಎನ್ನುತ್ತಾರೆ. ಮೂರೂ ಒಂದೇ ಬೇರಿನ ಕುಡಿಗಳು. ನಮ್ಮ ‘ಮಳೆ’ ಹಳಗನ್ನಡದಲ್ಲಿ ‘ಮೞೆ’. ಕೇಶಿರಾಜನು 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಚರ್ಚಿಸಿರುವ ಆ ೞಕಾರವು ನಮ್ಮ ನಾಲಗೆಯಿಂದ ಮರೆಯಾಗಿದೆ. ಆದರೆ ನೆರೆಮನೆಯ ತಮಿಳರು ಮಳೆಯನ್ನು ತಿದ್ದಿ ಉಚ್ಚರಿಸಿದಾಗ ಅದು ಇಂದಿಗೂ ಕೇಳಿಸುತ್ತದೆ. ಪಠ್ಯದಲ್ಲಿ ಸತ್ತುದೆಂದು ತಿಳಿದ ಅಕ್ಷರವು ಪಕ್ಕದ ಅಂಗಳದಲ್ಲಿ ಬದುಕಿದೆ. ಬಹುಭಾಷೆಯ ಈ ನೆಲದಲ್ಲಿ ಕನ್ನಡ ಓದುವುದು ಕೊರತೆಯಲ್ಲ, ಸಂಪತ್ತು.

ಇದರಿಂದ ಪರೀಕ್ಷೆಯಲ್ಲಿ ಅಂಕ ಬಾರದೆಂದು ಕೆಲವರು ಆಕ್ಷೇಪಿಸಬಹುದು. ಆ ಮಾತು ನಿಜ. ಆದರೆ ಪಠ್ಯ ಮುಂದಿನ ವರ್ಷವೂ ಇರುತ್ತದೆ. ಈ ಪದಗಳನ್ನು ಬಲ್ಲ ಮುದಿ ಬೇಸಾಯಗಾರರು, ಕುರಿಗಾಹಿಗಳು ಇರುವರೆಂಬ ಭರವಸೆಯಿಲ್ಲ. ಅವರ ಮೊಮ್ಮಕ್ಕಳಲ್ಲಿ ಹಲವರ ದಾರಿ ಹೊಲದಿಂದ ಕಾರ್ಖಾನೆಗೆ ತಿರುಗಿದೆ. ಕೇಳುವವರಿಲ್ಲದ ಪದವು ನಿಘಂಟಿನಲ್ಲಿ ಉಳಿದೀತು, ನಾಲಗೆಯಲ್ಲಿ ಉಳಿಯದು.

ಆದ್ದರಿಂದ ಬರುವ ಹಿಂಗಾರಿನಲ್ಲಿ ವಿಭಾಗವೇ ಇಂತಹ ನಡಿಗೆಯೊಂದನ್ನು ಏರ್ಪಡಿಸಲಿ. ಬಂಡೆಯ ಜಾರು ಆರಲು ಒಂದು ಹಗಲು ಕಾಯಬೇಕು. ತುಂಬಿ ಹರಿಯುವ ಹಳ್ಳವನ್ನು ದಾಟುವ ಸಾಹಸ ಸಲ್ಲದು. ಊರಿನ ಹಿರಿಯರೊಬ್ಬರು ಮುಂದೆ ನಡೆಯಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತು ಪದಗಳನ್ನು, ಅವುಗಳ ಅರ್ಥವನ್ನು, ನೆರೆಭಾಷೆಗಳಲ್ಲಿನ ರೂಪಗಳನ್ನು, ಆ ಪದ ಬಳಕೆಯಲ್ಲಿರುವ ಊರನ್ನು ಬರೆದು ತರಲಿ. ಆ ಪಟ್ಟಿಯನ್ನು ಈ ವಾರ್ತಾಪತ್ರದಲ್ಲಿಯೇ ಅಚ್ಚುಮಾಡೋಣ.